ಹಿಮಸಮಾಧಿಯ ವೀರ: ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ

ಶತ್ರುವಿನ ಆಯುಧಕ್ಕೆ ಎದೆಯೊಡ್ಡಿ ಮಡಿದವನನ್ನು ವೀರನೆಂದು ಕೊಂಡಾಡುವುದು ಕನ್ನಡನಾಡಿನ ಪ್ರಾಚೀನ ಸಂಪ್ರದಾಯವು. ಊರೂರಿನ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಆದರೆ ಶತ್ರುವು ಎದುರಿಗೆ ಬಾರದೆ, ಒಂದು ಗುಂಡೂ ಹಾರದೆ, ಕಾವಲಿನ ನೆಲೆಯಲ್ಲಿಯೇ ಹಿಮರಾಶಿಗೆ ಸಿಲುಕಿ ಪ್ರಾಣವನ್ನು ನೀಗಿದವನನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು? ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದನ ಚರಿತ್ರೆಯು ಈ ಪ್ರಶ್ನೆಯನ್ನು ವಾಚಕರ ಮುಂದಿಡುತ್ತದೆ.

ಕುಂದಗೋಳ ತಾಲೂಕಿನ ಬೆಟದೂರು ಮುಂಡಗೋಡ ಸೀಮೆಗೆ ಬಹು ದೂರವಾದುದಲ್ಲ. ಅದು ಎರೆಭೂಮಿ, ಅಲ್ಲಿಯ ಜನಕ್ಕೆ ಹಿಮವೆಂದರೆ ಮಾಗಿಯ ಬೆಳಗಿನ ಇಬ್ಬನಿಯಷ್ಟೆ. ಅಲ್ಲಿಯ ಒಕ್ಕಲುಮನೆಯೊಂದರಲ್ಲಿ ಹುಟ್ಟಿದ ಹನುಮಂತಪ್ಪನು ನಿತ್ಯವೂ ಆರು ಕಿಲೋಮೀಟರ್ ನಡೆದು ಶಾಲೆಯನ್ನು ಮುಗಿಸಿದನು. ಹಳಿಯಾಳದ ಕಡೆಯ ಮರಾಠಾ ತರುಣರು ಬೆಳಗಾವಿಯ ಮರಾಠಾ ದಳವನ್ನು ಸೇರುವಂತೆ, ಈತನು 2002ನೆಯ ಅಕ್ಟೋಬರದಲ್ಲಿ ಮದ್ರಾಸ್ ರೆಜಿಮೆಂಟನ್ನು ಸೇರಿ ಅದರ 19ನೆಯ ಪಟಾಲಮಿನ ಸಿಪಾಯಿಯಾದನು. 2003ರಿಂದ 2006ರ ವರೆಗೆ ಜಮ್ಮುವಿನ ಮಾಹೋರ್ ಪ್ರಾಂತದಲ್ಲಿಯೂ, ತರುವಾಯ 2008ರಿಂದ 2010ರ ವರೆಗೆ ತಾನಾಗಿಯೇ ಕೇಳಿಕೊಂಡು ರಾಷ್ಟ್ರೀಯ ರೈಫಲ್ಸ್ ದಳದೊಡನೆ ಮತ್ತೆ ಆ ಪ್ರದೇಶದಲ್ಲಿಯೂ, ಬಳಿಕ 2012ರ ವರೆಗೆ ಈಶಾನ್ಯ ಭಾರತದಲ್ಲಿಯೂ ದುಡಿದನು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷಗಳು ಇಂತಹ ಕಠಿಣ ಸ್ಥಳಗಳಲ್ಲಿಯೇ ಕಳೆದುವು. 2015ನೆಯ ಆಗಸ್ಟಿನಲ್ಲಿ ಆತನು ಸಿಯಾಚಿನ್‌ಗೆ ಹೋದನು.

ಸಿಯಾಚಿನ್ ಎಂಬುದು ಸುಮಾರು 76 ಕಿಲೋಮೀಟರ್ ಉದ್ದವಾದ ಹಿಮನದಿ. 1949ರ ಕರಾಚಿ ಒಪ್ಪಂದದಲ್ಲಿ ಕದನವಿರಾಮದ ರೇಖೆಯನ್ನು ಒಂದು ಬಿಂದುವಿನ ವರೆಗೆ ಎಳೆದು, ಅಲ್ಲಿಂದ ಉತ್ತರಕ್ಕೆ ಹಿಮನದಿಗಳ ಕಡೆಗೆಂದು ಮಾತ್ರ ಬರೆದು ಬಿಟ್ಟರು. ಮನುಷ್ಯನು ವಾಸಿಸಲಾರದ ಸ್ಥಳಕ್ಕೆ ಎಲ್ಲೆಯೇಕೆಂದು ಆಗ ತೋರಿರಬಹುದು. ಆ ಅಸ್ಪಷ್ಟತೆಯಿಂದಲೇ ವಿವಾದವು ಬೆಳೆಯಿತು. 1984ನೆಯ ಏಪ್ರಿಲ್ 13ರಂದು ಭಾರತದ ಸೈನ್ಯವು ಅಲ್ಲಿ ನೆಲೆಯೂರಿತು. 2003ನೆಯ ನವೆಂಬರಿನಲ್ಲಿ ಕದನವಿರಾಮವಾಗಿ ಫಿರಂಗಿಗಳು ಮೌನವಾದುವು. ಹಿಮವು ಮಾತ್ರ ಯಾವ ಒಪ್ಪಂದಕ್ಕೂ ಸಹಿಹಾಕಿರಲಿಲ್ಲ. ಅಲ್ಲಿ ಮಡಿದ ಭಾರತೀಯ ಸೈನಿಕರಲ್ಲಿ ಹೆಚ್ಚಿನವರು ಚಳಿ, ಹಿಮಪಾತ, ಪ್ರಾಣವಾಯುವಿನ ಅಭಾವಗಳಿಗೆ ತುತ್ತಾದವರೇ. ಎದುರು ಪಕ್ಷದ ಗತಿಯೂ ಬೇರೆಯಲ್ಲ: 2012ನೆಯ ಏಪ್ರಿಲಿನಲ್ಲಿ ಗಯಾರಿ ಎಂಬಲ್ಲಿ ಹಿಮವು ಕುಸಿದು ಪಾಕಿಸ್ತಾನದ 140 ಜನರು ಹೂತುಹೋದರು.

2016ನೆಯ ಫೆಬ್ರುವರಿ 3ರಂದು, ಸುಮಾರು 19,600 ಅಡಿ ಎತ್ತರದ ಸೋನಂ ಎಂಬ ಕಾವಲುನೆಲೆಯ ಮೇಲೆ ಹಿಮದ ಗೋಡೆಯೊಂದು ಕುಸಿದು ಬಿದ್ದಿತು. ಅಲ್ಲಿದ್ದ ಹತ್ತು ಮಂದಿಯೂ ಅದರಡಿಯಲ್ಲಿ ಸಿಲುಕಿದರು. ಅವರು ಬದುಕಿರುವರೆಂಬ ಆಸೆಯನ್ನು ಲೋಕವು ತೊರೆಯಿತು. ಸಂಗಡಿಗರು ಮಾತ್ರ ಅಗೆಯುವುದನ್ನು ಬಿಡಲಿಲ್ಲ. ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಯಂತ್ರಗಳಿಂದ ಕೊರೆದರು. ಡಾಟ್, ಮಿಶಾ ಎಂಬ ನಾಯಿಗಳು ಮೂಸಿ ಜಾಗವನ್ನು ತೋರಿಸಿದುವು. ಆರನೆಯ ದಿನ, ಫೆಬ್ರುವರಿ 8ರಂದು, ಸುಮಾರು 25 ಅಡಿಗಳ ಆಳದಲ್ಲಿ ಹನುಮಂತಪ್ಪನು ಸಿಕ್ಕಿದನು. ಸೊನ್ನೆಗಿಂತ 40 ಅಂಶಗಳಷ್ಟು ಕೆಳಗಿನ ಚಳಿಯಲ್ಲಿಯೂ ಆತನಲ್ಲಿ ಉಸಿರಿದ್ದಿತು! ಉಳಿದ ಒಂಬತ್ತು ಮಂದಿಯಲ್ಲಿ ಯಾರೂ ಬದುಕಿರಲಿಲ್ಲ.

ಮರುದಿನ ಆತನನ್ನು ವಿಮಾನದಲ್ಲಿ ದಿಲ್ಲಿಯ ಸೈನಿಕ ಆಸ್ಪತ್ರೆಗೆ ತಂದರು. ಯಕೃತ್ತೂ ಮೂತ್ರಪಿಂಡಗಳೂ ಕುಂದಿದ್ದುವು, ಪುಪ್ಪುಸಕ್ಕೆ ಉರಿಯೂತವು ತಗಲಿತ್ತು, ಪ್ರಜ್ಞೆಯು ಮರಳಲಿಲ್ಲ. ದೇಶವೆಲ್ಲ ಪ್ರಾರ್ಥಿಸುತ್ತಿರುವಲ್ಲಿ ಫೆಬ್ರುವರಿ 11ರಂದು ಮಧ್ಯಾಹ್ನಕ್ಕೆ ಮೊದಲು ಆತನು ಕಣ್ಮುಚ್ಚಿದನು. ಆಗ ಆತನಿಗೆ 33 ವರ್ಷ. ಮರುದಿನ ಬೆಟದೂರಿನಲ್ಲಿ ಅಂತ್ಯಸಂಸ್ಕಾರವಾಯಿತು. 2017ರಲ್ಲಿ ಮರಣೋತ್ತರವಾಗಿ ಸೇನಾ ಪದಕವು ದೊರೆಯಿತು.

ಇದೇ ನಮ್ಮ ಸೀಮೆಯಲ್ಲಿ, ಮುಂಡಗೋಡದ ಬಳಿ, 1966ರಲ್ಲಿ ಟಿಬೇಟಿನ ನಿರಾಶ್ರಿತರು ಬಂದು ನೆಲಸಿದರು. ಹಿಮದೇಶದ ಆ ಜನರು ತಮ್ಮ ನಾಡನ್ನು ಕಳೆದುಕೊಂಡು ಬಯಲಿಗೆ ಬಂದರೆ, ಬಯಲಿನ ಈ ತರುಣನು ನಾಡಿನ ಎಲ್ಲೆಯನ್ನು ಕಾಯಲು ಹಿಮಕ್ಕೆ ಹೋದನು. ಎಲ್ಲೆಯು ಅಳಿದರೆ ಏನಾಗುವುದೆಂಬುದನ್ನು ಆ ನೆರೆಯವರೇ ಬಲ್ಲರು.

ಮೊದಲು ಕೇಳಿದ ಪ್ರಶ್ನೆಗೆ ಹಳೆಯ ವೀರಗಲ್ಲುಗಳಲ್ಲಿಯೇ ಉತ್ತರವಿದೆ. ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯ ಒಕ್ಕಲಿಗನಿಗೂ ನಮ್ಮ ಹಿರಿಯರು ಕಲ್ಲನ್ನು ನಿಲ್ಲಿಸಿದರು. ಆತನು ಎಷ್ಟು ಜನರನ್ನು ಕೊಂದನೆಂದು ಅವರು ಎಣಿಸಲಿಲ್ಲ. ಕಾಯಬೇಕಾದುದನ್ನು ಕೈಬಿಟ್ಟು ಓಡಲಿಲ್ಲವೆಂಬುದನ್ನೇ ಮನ್ನಿಸಿದರು. ಆ ಅಳತೆಯಿಂದ ನೋಡಿದರೆ ಹನುಮಂತಪ್ಪನೂ ಆತನ ಒಂಬತ್ತು ಸಂಗಡಿಗರೂ ರಣದಲ್ಲಿ ಮಡಿದವರೇ ಸರಿ. ಆದರೆ ಅವರನ್ನು ಕೊಂಡಾಡುವಾಗ ಇನ್ನೊಂದು ಮಾತನ್ನೂ ಮರೆಯಲಾಗದು. ಉಭಯ ರಾಷ್ಟ್ರಗಳ ಹಿರಿಯರು ಕೂಡಿ ಕುಳಿತು ಆ ಅಪೂರ್ಣ ರೇಖೆಯನ್ನು ಪೂರ್ಣಗೊಳಿಸುವ ವರೆಗೆ, ಒಕ್ಕಲುಮನೆಗಳ ಮಕ್ಕಳು ಆ ಹಿಮದಲ್ಲಿ ನಿಂತಿರಲೇಬೇಕು.