ಅದ್ಭುತಶಕ್ತಿಯ ಮಕ್ಕಳೂ ಅವರ ಗುರುಗಳೂ



ಕಣ್ಣೋಟಮಾತ್ರದಿಂದ ವಸ್ತುಗಳನ್ನು ಚಲಿಸುವಂತೆ ಮಾಡುವ, ಪರರ ಮನಸ್ಸನ್ನು ಓದುವ, ಹಾಲುಹಲ್ಲು ಬೀಳುವ ಮೊದಲೇ ಪಂಡಿತರಾಗುವ ಮಕ್ಕಳ ಕಥೆಗಳು ಇಂದು ಚಲನಚಿತ್ರ, ಕಾದಂಬರಿ, ಚಿತ್ರಕಥೆಗಳ ಮೂಲಕ ಮನೆಮನೆಗೂ ಬಂದಿವೆ. ಹಿರಿಯರು ಬಹುಮಟ್ಟಿಗೆ ಇವನ್ನು ಕಾಲಹರಣದ ಸಾಧನಗಳೆಂದು ಬದಿಗಿರಿಸುತ್ತಾರೆ. ಆದರೆ ಇವುಗಳ ಹಿಂದೆ ನೂರು ವರ್ಷಗಳಿಗೂ ಮೀರಿದ ಇತಿಹಾಸವುಂಟು. ಆ ಇತಿಹಾಸವನ್ನು ಅನುಕ್ರಮವಾಗಿ ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಕಥೆ ಮಗುವಿನದಾದರೂ ಅದರಲ್ಲಿ ಪರೀಕ್ಷೆಗೆ ಒಳಗಾಗುವವರು ಹಿರಿಯರು, ವಿಶೇಷವಾಗಿ ಕಲಿಸುವವರು.

ಪ್ರಹ್ಲಾದನ ಕಥೆ ನಮಗೆಲ್ಲ ಬಾಲ್ಯದಿಂದಲೇ ಪರಿಚಿತವಾದುದು. ಅಲ್ಲಿಯೂ ಬಾಲಕನಿದ್ದಾನೆ, ಹೆದರಿದ ತಂದೆಯಿದ್ದಾನೆ, ಕೈಚೆಲ್ಲಿದ ಗುರುಗಳಿದ್ದಾರೆ. ಆದರೆ ಅವನನ್ನು ಬೆಂಕಿಯಿಂದ ಉಳಿಸಿದ ಶಕ್ತಿ ಅವನದಲ್ಲ, ಅವನು ನಂಬಿದ ದೈವದ್ದು. ಪಾಶ್ಚಾತ್ಯರ ಈ ಕಥೆಗಳಲ್ಲಾದರೋ ಶಕ್ತಿ ಹುಟ್ಟಿನೊಡನೆಯೇ ಮಗುವಿನ ಮೈಯಲ್ಲಿ ಬಂದುದು. 1859ರಲ್ಲಿ ಡಾರ್ವಿನ್ನರ ಗ್ರಂಥ ಹೊರಬಂದ ಮೇಲೆ, ಮನುಷ್ಯನು ಜೀವವಿಕಾಸದ ಕೊನೆಯ ಮೆಟ್ಟಿಲಲ್ಲದಿರಬಹುದೆಂಬ ಅನುಮಾನ ಅಲ್ಲಿನ ವಿದ್ಯಾವಂತರಲ್ಲಿ ಬೇರೂರಿತು. ಹಾಗಾದರೆ ಮುಂದಿನ ಮೆಟ್ಟಿಲು ಯಾರ ಮನೆಯ ತೊಟ್ಟಿಲಲ್ಲಿ ಮಲಗಿದೆ? ಈ ಕಥೆಗಳು ಹುಟ್ಟಿದ್ದು ಈ ಪ್ರಶ್ನೆಯಿಂದ.

1911ರಲ್ಲಿ ಇಂಗ್ಲೆಂಡಿನ ಜೆ. ಡಿ. ಬೆರೆಸ್‌ಫೋರ್ಡ್ ಅವರು ‘ದಿ ಹ್ಯಾಂಪ್ಡನ್‌ಶೈರ್ ವಂಡರ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದರ ನಾಯಕ ವಿಕ್ಟರ್ ಸ್ಟಾಟ್ ಒಬ್ಬ ಕ್ರಿಕೆಟ್ ಬೌಲರನ ಮಗ. ಯಾವ ದುರಭ್ಯಾಸವೂ ಅಂಟದ ಮಗನನ್ನು ಪಡೆದು, ತನ್ನ ಚೆಂಡೆಸೆತದ ವಿದ್ಯೆಯನ್ನು ಧಾರೆಯೆರೆಯಬೇಕೆಂದು ಆ ತಂದೆಯ ಆಸೆ. ಹುಟ್ಟಿದ್ದು ದೊಡ್ಡ ತಲೆಯ, ಮಾತಿಲ್ಲದೆ ದಿಟ್ಟಿಸುವ ಮಗು. ಆ ನೋಟವನ್ನು ತಾಳಲಾರದೆ ತಂದೆ ಮನೆಯನ್ನೇ ಬಿಟ್ಟುಹೋದನು. ಊರಿನ ಶ್ರೀಮಂತ ಚಾಲಿಸ್ ತನ್ನ ಗ್ರಂಥಾಲಯದ ಬಾಗಿಲು ತೆರೆದುಕೊಟ್ಟನು. ಬಾಲಕನು ನಿಘಂಟು, ವಿಶ್ವಕೋಶಗಳನ್ನು ಪುಟಪುಟವಾಗಿ ಓದಿ ಮುಗಿಸಿದನು. ಅವನಿಗೆ ಕಲಿಸಬಲ್ಲವರಾರೂ ಇರಲಿಲ್ಲ. ಊರ ಪಾದ್ರಿಗೆ ಅವನನ್ನು ಕಂಡರಾಗದು. ಕೊನೆಗೆ ಬಾಲಕನ ಶವ ಕೊಳದಲ್ಲಿ ಸಿಕ್ಕಿತು. ಅದು ಆಕಸ್ಮಿಕವೋ ಕೊಲೆಯೋ ಎಂಬ ಸಂಶಯವನ್ನು ಲೇಖಕರು ಪರಿಹರಿಸದೆ ಬಿಟ್ಟಿದ್ದಾರೆ.

1935ರಲ್ಲಿ ಓಲಾಫ್ ಸ್ಟೇಪಲ್ಡನ್ ಅವರು ಬರೆದ ‘ಆಡ್ ಜಾನ್’ ಕೃತಿಯಲ್ಲಿ ಇಂಥ ತರುಣರು ಒಂದು ದ್ವೀಪದಲ್ಲಿ ನೆಲೆಸುತ್ತಾರೆ. ಲೋಕದ ರಾಷ್ಟ್ರಗಳು ಮುತ್ತಿದಾಗ ದ್ವೀಪದೊಡನೆ ತಾವೂ ನಾಶವಾಗುತ್ತಾರೆ. ಅಲ್ಲಿಯೂ ಗುರುವಿಲ್ಲ.

1945ರಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿದ್ದ ಮೇಲೆ ಕಥೆಗಾರರಿಗೆ ಹೊಸದೊಂದು ಕಾರಣ ದೊರೆಯಿತು. ವಿಕಿರಣದಿಂದ ಹುಟ್ಟುವ ಮಕ್ಕಳು ಬದಲಾಗಬಹುದೆಂಬ ಭಯವೇ ಅದು. ಅಮೆರಿಕದ ಲೇಖಕಿ ವಿಲ್ಮರ್ ಶಿರಾಸ್ ಅವರು 1948ರಲ್ಲಿ ಪ್ರಕಟಿಸಿದ ‘ಇನ್ ಹೈಡಿಂಗ್’ ಎಂಬ ಕಥೆಯ ಬಾಲಕ ತನ್ನ ಬುದ್ಧಿಯನ್ನು ಬಚ್ಚಿಟ್ಟುಕೊಂಡು, ಸಾಧಾರಣ ವಿದ್ಯಾರ್ಥಿಯಂತೆ ನಟಿಸುತ್ತಿರುತ್ತಾನೆ. ಏನೋ ವ್ಯತ್ಯಾಸವಿದೆಯೆಂದು ಗುರುತಿಸಿದವಳು ಅವನ ಶಾಲೆಯ ಉಪಾಧ್ಯಾಯಿನಿ. ಅವನ ವಿಶ್ವಾಸವನ್ನು ಗಳಿಸಿದ ಮನೋವೈದ್ಯನು ಅಂಥ ಇತರ ಮಕ್ಕಳನ್ನೂ ಹುಡುಕಿ, ಅವರಿಗಾಗಿ ಶಾಲೆಯನ್ನೇ ತೆರೆಯುತ್ತಾನೆ. ಈ ಕಥೆಗಳು 1953ರಲ್ಲಿ ‘ಚಿಲ್ಡ್ರನ್ ಆಫ್ ದಿ ಆಟಮ್’ ಎಂಬ ಗ್ರಂಥವಾದವು. ಪ್ರಚೋದನೆಗೊಂಡ ಜನ ಶಾಲೆಯ ಮುಂದೆ ನೆರೆದಾಗ ಮಕ್ಕಳು ಹೋರಾಡುವುದಿಲ್ಲ, ದ್ವೀಪಕ್ಕೂ ಓಡುವುದಿಲ್ಲ. ಸಾಮಾನ್ಯ ಮಕ್ಕಳೊಡನೆ ಬೆರೆತು ಬಾಳಬೇಕೆಂದು ತೀರ್ಮಾನಿಸುತ್ತಾರೆ. ಇಂದು ಈ ಗ್ರಂಥವನ್ನು ನೆನೆಯುವವರು ವಿರಳ. ನಮ್ಮ ದೃಷ್ಟಿಯಲ್ಲಿ ಈ ಪರಂಪರೆಯ ಅತ್ಯಂತ ವಿವೇಕಯುತ ಕೃತಿ ಇದೇ.

ಇದಕ್ಕೆ ನೇರ ವಿರುದ್ಧವಾದುದು ಜಾನ್ ವಿಂಡ್‌ಹ್ಯಾಮ್ ಅವರ 1957ರ ಕಾದಂಬರಿ ‘ದಿ ಮಿಡ್‌ವಿಚ್ ಕುಕೂಸ್’. ನಮ್ಮ ಕವಿಗಳಿಗೆ ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆ ಇಂಪಿನ ಹಕ್ಕಿ. ಆ ನಾಡಿನವರಿಗೆ ಕುಕೂ ಎಂದರೆ ಪರರ ಗೂಡನ್ನು ಕಸಿಯುವ ವಂಚಕ. ಮಿಡ್‌ವಿಚ್ ಎಂಬ ಹಳ್ಳಿ ಒಂದು ದಿನವಿಡೀ ಮೂರ್ಛೆಹೋಗಿ ಎಚ್ಚೆತ್ತ ಬಳಿಕ, ಅಲ್ಲಿನ ಸ್ತ್ರೀಯರು ಏಕಕಾಲದಲ್ಲಿ ಗರ್ಭವತಿಯರಾಗಿರುವುದು ತಿಳಿದುಬರುತ್ತದೆ. ಹೊಂಬಣ್ಣದ ಕಣ್ಣಿನ ಆ ಮಕ್ಕಳು ಒಂದೇ ಮನಸ್ಸಿನಿಂದ ಯೋಚಿಸುತ್ತವೆ. ತಮಗೆ ನೋವುಮಾಡಿದವರನ್ನು ಇಚ್ಛೆಯಿಂದಲೇ ಕೊಲ್ಲುತ್ತವೆ. ಅವು ನಂಬುವುದು ತಮಗೆ ಪಾಠ ಹೇಳುವ ವೃದ್ಧ ವಿದ್ವಾಂಸ ಝೆಲ್ಯಾಬಿಯೊಬ್ಬನನ್ನೇ. ಆತನು ಚಿತ್ರ ತೋರಿಸುವ ನೆಪದಲ್ಲಿ ಸಾಮಗ್ರಿಯ ನಡುವೆ ಸ್ಫೋಟಕವನ್ನಿಟ್ಟು, ಮಕ್ಕಳೊಡನೆ ತಾನೂ ಸಾಯುತ್ತಾನೆ. 1960ರಲ್ಲಿ ವುಲ್ಫ್ ರಿಲ್ಲಾ ಅವರ ನಿರ್ದೇಶನದಲ್ಲಿ ಇದು ‘ವಿಲೇಜ್ ಆಫ್ ದಿ ಡ್ಯಾಮ್ಡ್’ ಎಂಬ ಚಲನಚಿತ್ರವಾಯಿತು. ಮನಸ್ಸನ್ನು ಓದಬಲ್ಲ ಮಕ್ಕಳಿಂದ ಗುಟ್ಟನ್ನು ಮುಚ್ಚಿಡಲು, ಚಿತ್ರದ ಗುರುವು ತನ್ನ ಮನಸ್ಸಿನಲ್ಲಿ ಇಟ್ಟಿಗೆಯ ಗೋಡೆಯೊಂದನ್ನೇ ನಿಲ್ಲಿಸಿಕೊಳ್ಳುತ್ತಾನೆ. ಆತನು ಊರನ್ನು ಉಳಿಸಿದನೆಂದು ಕಥೆ ಒಪ್ಪಿಸಬಯಸುತ್ತದೆ. ಆದರೆ ಶಿಷ್ಯರು ಇಟ್ಟ ನಂಬಿಕೆಯೇ ಅಲ್ಲಿ ಆಯುಧವಾಯಿತು. ಜೀವನದಲ್ಲಿ ಒಮ್ಮೆಯಾದರೂ ಪಾಠ ಹೇಳಿದವರು ಆ ಗೋಡೆಯನ್ನು ನೋಡಿ ನೆಮ್ಮದಿಯಿಂದ ಏಳಲಾರರು.

1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಇವರು ‘ಎಕ್ಸ್‌ಮೆನ್’ ಚಿತ್ರಕಥಾಮಾಲೆಯನ್ನು ಆರಂಭಿಸಿದರು. ಪ್ರತಿಯೊಬ್ಬ ನಾಯಕನಿಗೂ ಶಕ್ತಿ ಬಂದ ಬಗೆಯನ್ನು ಹೊಸದಾಗಿ ಕಲ್ಪಿಸಿ ಬೇಸತ್ತು, ‘ಇವರು ಹುಟ್ಟಿದ್ದೇ ಹೀಗೆ’ ಎಂದುಬಿಟ್ಟೆನೆಂದು ಲೀ ಅವರೇ ವಿನೋದವಾಗಿ ಹೇಳಿಕೊಂಡಿದ್ದುಂಟು. ಇಲ್ಲಿನ ಪ್ರೊಫೆಸರ್ ಕ್ಸೇವಿಯರ್ ತರುಣರಿಗೆ ಊಟ, ವಸತಿ, ಶಿಕ್ಷಣಗಳನ್ನು ಕೊಟ್ಟು ಶಕ್ತಿಯ ಹತೋಟಿಯನ್ನು ಕಲಿಸುತ್ತಾನೆ. 2000ನೆಯ ಇಸವಿಯ ಚಲನಚಿತ್ರವು ನಾಟ್ಸಿಗಳ ಯಾತನಾಶಿಬಿರದ ದೃಶ್ಯದಿಂದ ಆರಂಭವಾಗುತ್ತದೆ. ತಾಯಿತಂದೆಗಳಿಂದ ಬೇರ್ಪಟ್ಟ ಯೆಹೂದಿ ಬಾಲಕನ ಸಂಕಟಕ್ಕೆ ಕಬ್ಬಿಣದ ಗೇಟು ಬಾಗುತ್ತದೆ. ಆ ಬಾಲಕನಿಗೆ ಆಗ ಯಾವ ಶಾಲೆಯೂ ಸಿಕ್ಕಿರಲಿಲ್ಲ. ಮುಂದೆ ಅವನೇ ಕ್ಸೇವಿಯರನ ಎದುರಾಳಿಯಾಗುತ್ತಾನೆ.

ನಮ್ಮ ದೇಶಕ್ಕೆ ನೇರವಾಗಿ ಸಂಬಂಧಿಸಿದ ಕೃತಿ ಸಲ್ಮಾನ್ ರಶ್ದಿಯವರ 1981ರ ಕಾದಂಬರಿ ‘ಮಿಡ್‌ನೈಟ್ಸ್ ಚಿಲ್ಡ್ರನ್’. 1947ರ ಆಗಸ್ಟ್ 15ರ ಮೊದಲ ಗಂಟೆಯಲ್ಲಿ ಜನಿಸಿದ 1001 ಮಕ್ಕಳು ಅದರಲ್ಲಿ ಬಗೆಬಗೆಯ ಶಕ್ತಿಯುಳ್ಳವರು. ಹತ್ತು ವರ್ಷ ತುಂಬುವುದರೊಳಗೆ 420 ಮಂದಿ ತೀರಿಹೋಗಿರುತ್ತಾರೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಉಳಿದವರನ್ನು ಹಿಡಿದು, ಶಸ್ತ್ರಚಿಕಿತ್ಸೆಯಿಂದ ಸಂತಾನವನ್ನೂ ಶಕ್ತಿಯನ್ನೂ ಕಳೆಯಲಾಗುತ್ತದೆ.

ಅಮೆರಿಕದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸ್ಟೀಫನ್ ಕಿಂಗ್ ಅವರ ಮೊದಲ ಪ್ರಕಟಿತ ಕಾದಂಬರಿ ‘ಕ್ಯಾರಿ’ 1974ರಲ್ಲಿ ಬಂತು, 1976ರಲ್ಲಿ ಚಲನಚಿತ್ರವಾಯಿತು. ಸಹಪಾಠಿಗಳ ಅಪಹಾಸ್ಯಕ್ಕೆ ಗುರಿಯಾದ ಬಾಲಿಕೆಯೊಬ್ಬಳು ಕೊನೆಗೆ ಮನೋಬಲದಿಂದ ಊರನ್ನೇ ಸುಡುತ್ತಾಳೆ. ಚಿತ್ರವನ್ನು ನೋಡಿದವರಿಗೆ ಆ ಬೆಂಕಿ ನೆನಪಿರುತ್ತದೆ. ಕಾದಂಬರಿಯ ಕೊನೆಯ ಭಾಗದಲ್ಲಿ ವ್ಯಾಯಾಮ ಶಿಕ್ಷಕಿಯ ರಾಜೀನಾಮೆಯ ಪತ್ರವೊಂದಿದೆ. ಆ ಹುಡುಗಿಯತ್ತ ತಾನು ಕೈಚಾಚಲಿಲ್ಲವೆಂಬ ಕೊರಗು ಅದರಲ್ಲಿ ತುಂಬಿದೆ. ಇನ್ನೆಂದೂ ಪಾಠ ಹೇಳಲಾರೆನೆಂದು ಆಕೆ ಬರೆಯುತ್ತಾಳೆ.

1988ರಲ್ಲಿ ರೋಲ್ಡ್ ಡಾಲ್ ಅವರು ಬರೆದ ‘ಮಟಿಲ್ಡಾ’ ಮಕ್ಕಳ ಪುಸ್ತಕ. ಆ ಪುಟ್ಟ ಬಾಲಿಕೆ ದೊಡ್ಡ ಗ್ರಂಥಗಳನ್ನೆಲ್ಲ ಓದಿದ್ದರೂ ಕೆಳಗಿನ ತರಗತಿಯಲ್ಲಿಯೇ ಕೂರಬೇಕಾಗುತ್ತದೆ. ಅವಳ ಕಣ್ಣಿನಿಂದ ವಸ್ತುಗಳು ಸರಿದಾಡತೊಡಗುತ್ತವೆ. ಕೊನೆಗೆ ಮೇಲಿನ ತರಗತಿಗೆ ಸೇರಿಸಿದಾಗ ಆ ಶಕ್ತಿ ಮಾಯವಾಗುತ್ತದೆ. ಈವರೆಗೆ ಕೆಲಸವಿಲ್ಲದೆ ಒಳಗೇ ಕುದಿಯುತ್ತಿದ್ದ ಬುದ್ಧಿಗೆ ಈಗ ತಕ್ಕ ಪಾಠ ಸಿಕ್ಕಿದೆಯೆಂದು ಅವಳ ಉಪಾಧ್ಯಾಯಿನಿ ಮಿಸ್ ಹನಿ ಊಹಿಸುತ್ತಾಳೆ. ಮಟಿಲ್ಡಾಳಿಗೂ ಅದರಿಂದ ಸಂತೋಷವೇ. ಚಲನಚಿತ್ರದವರಿಗೆ ಮಾತ್ರ ಇದು ರುಚಿಸಿದಂತಿಲ್ಲ. 1996ರ ಚಿತ್ರದಲ್ಲಿ ಅವಳ ಶಕ್ತಿ ಕೊನೆಯವರೆಗೂ ಉಳಿದುಕೊಂಡಿದೆ.