ಲೈಂಗಿಕ ಆರೋಗ್ಯ: ಜಾಹೀರಾತು, ಮೊಬೈಲ್ ಹೇಳಿದ್ದೆಲ್ಲ ನಿಜವೇ?

"ಗುಪ್ತರೋಗ, ನರದೌರ್ಬಲ್ಯಕ್ಕೆ ಶಾಶ್ವತ ಪರಿಹಾರ" ಎಂಬ ಗೋಡೆ ಬರಹವನ್ನು ಬಸ್ ನಿಲ್ದಾಣದ ಬಳಿ ನೀವೂ ನೋಡಿರುತ್ತೀರಿ. ಈಗ ಅದೇ ಮಾತು ರೀಲ್ಸ್ ಆಗಿ ಮೊಬೈಲಿಗೆ ಬಂದಿದೆ. ಮನೆಯಲ್ಲಿ ಯಾರೂ ಮಾತಾಡದ, ತರಗತಿಯಲ್ಲಿ ಬೇಗನೆ ದಾಟಿಸಿಬಿಡುವ ವಿಷಯವಿದು. ಹಾಗಾಗಿ ಅನೇಕ ಯುವಜನರಿಗೆ ಮಾಧ್ಯಮವೇ ಮೇಷ್ಟ್ರು. ಅದು ಕಲಿಸುವ ಕೆಲವು ಪಾಠಗಳನ್ನು ಪರಿಶೀಲಿಸೋಣ.

ನಂಬಿಕೆ 1: ವೀರ್ಯ ನಷ್ಟವಾದರೆ ದೇಹ ಸೊರಗುತ್ತದೆ

ಇದು ತಪ್ಪು. ವೀರ್ಯದ ಬಹುಪಾಲು ನೀರು. ವೀರ್ಯಾಣುಗಳು ನಿರಂತರವಾಗಿ ಉತ್ಪತ್ತಿಯಾಗುತ್ತಲೇ ಇರುತ್ತವೆ. ಸ್ವಪ್ನಸ್ಖಲನವಾಗಲಿ ಹಸ್ತಮೈಥುನವಾಗಲಿ ರೋಗವಲ್ಲ. ಆದರೆ ಅದರ ಬಗೆಗಿನ ಭಯ ಮಾತ್ರ ನಿಜ. ಈ ಚಿಂತೆಯ ಜೊತೆಗೆ ಸುಸ್ತು, ಆತಂಕ, ಖಿನ್ನತೆ ಕಾಣಿಸಿಕೊಳ್ಳುವ ಸ್ಥಿತಿಗೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಜಾಹೀರಾತುಗಳಿಗೆ ಈ ಭಯವೇ ಬಂಡವಾಳ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ.

ನಂಬಿಕೆ 2: ತುರ್ತು ಮಾತ್ರೆ ಇದ್ದರೆ ಚಿಂತೆಯಿಲ್ಲ

ಜಾಹೀರಾತಿನಲ್ಲಿ ಉಳಿಯುವುದು '72 ಗಂಟೆ' ಎಂಬ ಮಾತು. ಆದರೆ ತಡವಾದಷ್ಟೂ ಮಾತ್ರೆಯ ಪರಿಣಾಮ ಕಡಿಮೆ. ಈಗಾಗಲೇ ಗರ್ಭ ನಿಂತಿದ್ದರೆ ಅದು ಕೆಲಸ ಮಾಡುವುದಿಲ್ಲ. ಹೆಸರೇ ಹೇಳುವಂತೆ ಅದು ತುರ್ತಿಗೆ, ನಿತ್ಯ ಬಳಕೆಗಲ್ಲ. ಎಚ್‌ಐವಿ, ಸಿಫಿಲಿಸ್‌ನಂಥ ಸೋಂಕುಗಳಿಂದ ಅದು ರಕ್ಷಣೆ ಕೊಡುವುದೇ ಇಲ್ಲ. ಕಾಂಡೋಮ್ ಸರಿಯಾಗಿ ಬಳಸಿದರೆ ಗರ್ಭ, ಸೋಂಕು ಎರಡರ ಅಪಾಯವನ್ನೂ ತಗ್ಗಿಸುತ್ತದೆ.

ನಂಬಿಕೆ 3: ಅಶ್ಲೀಲ ವಿಡಿಯೋದಲ್ಲಿ ಕಾಣುವುದೇ ಸಹಜ

ಅದು ನಟನೆ, ಸಂಕಲನ ಮಾಡಿದ ದೃಶ್ಯ. ಸಂಗಾತಿಯ ಒಪ್ಪಿಗೆ ಕೇಳುವುದು, ಸುರಕ್ಷತೆಯ ಬಗ್ಗೆ ಮಾತಾಡುವುದು ಅಲ್ಲಿ ಅಪರೂಪ. ಅದರೊಂದಿಗೆ ನಿಮ್ಮ ದೇಹವನ್ನು ಹೋಲಿಸಿಕೊಂಡು ಕೀಳರಿಮೆ ಪಡಬೇಕಿಲ್ಲ.

ಹಾಗಾದರೆ ಮಾಧ್ಯಮದಿಂದ ಕೆಡುಕೇ?

ಇಲ್ಲ. ನೈಜೀರಿಯಾದಲ್ಲಿ 'ಎಂಟಿವಿ ಶುಗಾ' ಧಾರಾವಾಹಿ ನೋಡಿದ ಯುವಜನರು, ನೋಡದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡರು ಎಂದು ಅಧ್ಯಯನವೊಂದು ಕಂಡುಕೊಂಡಿದೆ. ಕಥೆ ಹೆದರಿಸಲೂಬಹುದು, ದಾರಿ ತೋರಿಸಲೂಬಹುದು.

ನೀವು ಏನು ಮಾಡಬಹುದು?

ಯಾವುದೇ ವಿಡಿಯೋ ನೋಡಿದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಹೇಳುತ್ತಿರುವವರು ಯಾರು? ಕೊನೆಗೆ ಏನನ್ನು ಮಾರುತ್ತಿದ್ದಾರೆ? ಉರಿಮೂತ್ರ, ಹುಣ್ಣು, ಅಸಹಜ ಸ್ರಾವ ಕಂಡರೆ ನಾಚದೆ ವೈದ್ಯರನ್ನು ಕಾಣಿ. ಎಚ್‌ಐವಿ ಮಾಹಿತಿಗೆ 1097, ಮನಸ್ಸಿನ ಆತಂಕಕ್ಕೆ ಟೆಲಿ ಮಾನಸ್ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಗೋಡೆ ಬರಹದ ಕೆಳಗಿರುವ ನಂಬರಿಗಿಂತ ಇವು ಹೆಚ್ಚು ನಂಬಿಕಸ್ಥ.