ಹಗಲು ಹೋಟೆಲು, ರಾತ್ರಿ ಶಾಲೆ

ಕಾಪು, ಕಟಪಾಡಿ, ಶಂಕರಪುರ, ಶಿರ್ವ ಸುತ್ತಿನ ಹಳೆಯ ಮನೆಗಳಲ್ಲಿ 'ಅಜ್ಜ ಎಷ್ಟು ಓದಿದ್ದರು?' ಎಂದು ಕೇಳಿ ನೋಡಿ. 'ಊರಲ್ಲಿ ನಾಲ್ಕೋ ಐದೋ ಕ್ಲಾಸು, ಉಳಿದದ್ದು ಮುಂಬಯಿಯ ನೈಟ್ ಸ್ಕೂಲು' ಎಂಬ ಉತ್ತರ ಹಲವು ಕಡೆ ಸಿಗುತ್ತದೆ.

ಮುಂಬಯಿಯೇ ಏಕೆ? 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಿದ್ದದ್ದು ಮದ್ರಾಸಿನ ಆಡಳಿತದಲ್ಲಿ. 1907ರಲ್ಲಿ ಮಂಗಳೂರಿಗೆ ಬಂದ ರೈಲು ಕೂಡ ಮದ್ರಾಸಿನತ್ತಲೇ ಓಡುತ್ತಿತ್ತು. ಆ ದಾರಿ ಹಿಡಿದು ಗೆದ್ದವರೂ ಇದ್ದಾರೆ. ಕಡಂದಲೆಯ ಕೆ. ಕೃಷ್ಣರಾಯರು ಅಡುಗೆ ಮನೆಯ ದುಡಿಮೆಯಿಂದ ಮೇಲೆ ಬಂದು 1938ರಲ್ಲಿ ಮದ್ರಾಸಿನಲ್ಲಿ 'ವುಡ್‌ಲ್ಯಾಂಡ್ಸ್' ತೆರೆದರು. ಆದರೆ ಕರಾವಳಿಯವರಿಗೆ ಕಡಲು ಮನೆಯಂಗಳವಿದ್ದಂತೆ. ಬಡಗಣಕ್ಕೆ ಹೊರಟ ಹಡಗು ಮುಟ್ಟುತ್ತಿದ್ದದ್ದು ಮುಂಬಯಿಯನ್ನು. ಮಳೆಗಾಲದಲ್ಲಿ ಮಾತ್ರ ಆ ದಾರಿಯೂ ಬಂದ್.

ಗೇಣಿ ಹೊಲದ ಅಕ್ಕಿ ವರ್ಷವಿಡೀ ಸಾಲುತ್ತಿರಲಿಲ್ಲ. ಹನ್ನೆರಡು, ಹದಿಮೂರರ ಹುಡುಗನನ್ನು ಊರಿನವರೊಬ್ಬರ ಜತೆ ಮಾಡಿ ಕಳುಹಿಸುತ್ತಿದ್ದರು. ಕರೆದೊಯ್ಯುವವನು ಅನೇಕ ವೇಳೆ ಸೋದರಮಾವ. ಬಂಟ, ಬಿಲ್ಲವ, ಮೊಗವೀರರಲ್ಲಿ ಅಳಿಯಸಂತಾನದ ಪದ್ಧತಿ ಇತ್ತಲ್ಲ, ಅಲ್ಲಿ ಅಕ್ಕನ ಮಗನಿಗೊಂದು ದಾರಿ ತೋರಿಸುವುದು ಮಾವನ ಹೊಣೆ. ಆ ಹಳೆಯ ಕಟ್ಟಳೆ ಮುಂಬಯಿಯ ಹೋಟೆಲಿನ ಗಲ್ಲಾದವರೆಗೂ ನಡೆದು ಬಂತು ಎನ್ನಬಹುದು. ಆಮೇಲೆ ಹೋಟೆಲಿನ ಸಂಪಾದನೆ ಹೆಂಡತಿ, ಮಕ್ಕಳ ಕಡೆಗೆ ಹರಿಯತೊಡಗಿ ಅದೇ ಕಟ್ಟಳೆ ಸಡಿಲವಾದದ್ದು ಬೇರೆ ಮಾತು.

ಹುಡುಗನಿಗೆ ಮೊದಲು ಸಿಗುತ್ತಿದ್ದದ್ದು ಲೋಟ ತೊಳೆಯುವ ಕೆಲಸ. ಊಟ, ತಿಂಡಿ ಹೋಟೆಲಿನದೇ. ರಾತ್ರಿ ಮೇಜು ಸೇರಿಸಿದರೆ ಅದೇ ಮಂಚ. ಬಾಡಿಗೆಯಿಲ್ಲದ ಕಾರಣ ಚಿಕ್ಕ ಸಂಬಳದಲ್ಲೂ ನಾಲ್ಕು ಕಾಸು ಉಳಿಯುತ್ತಿತ್ತು, ಮನಿಆರ್ಡರ್ ಆಗಿ ಊರಿಗೆ ಬರುತ್ತಿತ್ತು.

ಮುಂಬಯಿಯಲ್ಲಿ ಕರಾವಳಿಯವರ ಸಂಘಗಳು ಬೇಗನೆ ಹುಟ್ಟಿದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಶನ್ 1932ರದ್ದು. ಮೊಗವೀರರ ಉಚಿತ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಕೋಟೆ ಪ್ರದೇಶದ ಕನ್ನಡ ಭವನದ ಶಾಲೆ ಇವೆಲ್ಲ ದುಡಿಯುವ ಹುಡುಗರನ್ನೇ ಕಣ್ಣಮುಂದಿಟ್ಟುಕೊಂಡು ನಡೆದವು. ವಡಾಲದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿ 1939ರದ್ದು.

ಹಗಲೆಲ್ಲ ನಿಂತೇ ದುಡಿದವನು ಬೆಂಚಿನ ಮೇಲೆ ಕೂತರೆ ಕಣ್ಣು ಎಳೆಯದಿರುತ್ತದೆಯೇ! ಸಂಜೆಯ ಗಿರಾಕಿ ಹೆಚ್ಚಾದ ದಿನ ಪಾಠ ತಪ್ಪುತ್ತಿತ್ತು. ಧಣಿ ಬಿಡದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು, ನಿಂತವರೂ ಕಡಿಮೆಯಿಲ್ಲ. ಗೆದ್ದವರ ಕತೆ ಸನ್ಮಾನ ಸಮಾರಂಭಗಳಲ್ಲಿ ಕೇಳಿಬರುತ್ತದೆ, ಅರ್ಧಕ್ಕೆ ಬಿಟ್ಟವರದು ಮನೆಯೊಳಗೇ ಉಳಿಯುತ್ತದೆ. ಮೆಟ್ರಿಕ್ ದಾಟಿದವನಿಗೆ ಮಾತ್ರ ಗುಮಾಸ್ತಿಕೆಯ ಬಾಗಿಲು ತೆರೆಯುತ್ತಿತ್ತು. ಮೇಜು ಒರೆಸಿದವನೇ ಮೇಜಿನ ಮುಂದೆ ಕುಳಿತಾಗ ಊರಲ್ಲಿ ಹೆಣ್ಣು ಕೊಡುವವರ ಮಾತೂ ಬದಲಾಗುತ್ತಿತ್ತು.

ಮದುವೆಯಾದರೂ ಹೆಂಡತಿ ಊರಲ್ಲೇ. ಮುಂಬಯಿಯ ಒಂದು ಕೋಣೆಯಲ್ಲಿ ಹತ್ತಾರು ಗಂಡಸರಿರುವಾಗ ಸಂಸಾರಕ್ಕೆ ಜಾಗವೆಲ್ಲಿ? ಇತ್ತ ಶಂಕರಪುರದಲ್ಲಿ ಮಲ್ಲಿಗೆ ಮನೆ ನಡೆಸಿತು. ಬೆಳಗಾಗುತ್ತಲೇ ಮೊಗ್ಗು ಬಿಡಿಸಿ ಬಾಳೆನಾರಿನಲ್ಲಿ ಕಟ್ಟಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಎಂದರೆ 3,200 ಮೊಗ್ಗು ಒಂದೊಂದಾಗಿ ಬೆರಳು ದಾಟಬೇಕು. ಅಜ್ಜನ ಮನಿಆರ್ಡರಿನ ಲೆಕ್ಕ ಇಡುವವರು ಅಜ್ಜಿಯ ಬೆರಳಿನ ಲೆಕ್ಕ ಇಟ್ಟದ್ದು ಕಡಿಮೆ. ಆ ಹೂವಿಗೆ 'ಉಡುಪಿ ಮಲ್ಲಿಗೆ' ಹೆಸರಿನಲ್ಲಿ ಭೌಗೋಳಿಕ ಗುರುತು ದೊರೆತದ್ದು ಈ ಶತಮಾನದಲ್ಲಿ.

ಅಷ್ಟರಲ್ಲಿ ಓದು ಊರಿಗೇ ಬರತೊಡಗಿತು. 1949ರಲ್ಲಿ ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜು, 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ತೆರೆದವು. ಉಡುಪಿಯಲ್ಲೇ ಹುಟ್ಟಿದ ಬ್ಯಾಂಕುಗಳು ಪದವೀಧರರಿಗೆ ಕೆಲಸ ಕೊಟ್ಟವು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಅನೇಕ ಗೇಣಿದಾರರಿಗೆ ಹೊಲ ಸ್ವಂತವಾಯಿತು. ರಾತ್ರಿ ಶಾಲೆಯಲ್ಲಿ ಓದಿದವನ ಮಗ ಹಗಲಿನ ಕಾಲೇಜಿಗೆ ಹೋದ.

ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಶಂಕರಪುರದ ಮಗ್ಗುಲಿನ ಇನ್ನಂಜೆಯಲ್ಲೇ ಒಂದು ನಿಲ್ದಾಣ. ಹಡಗು ಹತ್ತಿ ಹೋಗಿದ್ದ ಅಜ್ಜಂದಿರು ಆ ಹೊತ್ತಿಗೆ ನಿವೃತ್ತರಾಗಿ ಜಗಲಿಯಲ್ಲಿ ಕುಳಿತಿದ್ದರು.